ನೀರು ಕುಡಿದರೆ ಉಪವಾಸ ಮುರಿಯುತ್ತದಾ?

ಪ್ರಶ್ನೆ: ನಾವು ಮೂವರು ಗೆಳತಿಯರು ಹಾಸ್ಟೆಲಿನ ಒಂದೇ ರೂಮಿನಲ್ಲಿದ್ದೇವೆ. ನಾನು ಏಕಾದಶಿ ಮಾಡುತ್ತೇನೆ, ಆ ದಿನ ಹಣ್ಣು, ಹಾಲು ತೆಗೆದುಕೊಳ್ಳುತ್ತೇನೆ. ಒಬ್ಬಳು ರಂಜಾನ್‌ನಲ್ಲಿ ರೋಜಾ ಇರುತ್ತಾಳೆ, ಹಗಲಿಡೀ ಒಂದು ಗುಟುಕು ನೀರೂ ಇಲ್ಲ. ಇನ್ನೊಬ್ಬಳು ಜೈನ ಮನೆತನದವಳು. ಚತುರ್ದಶಿಯ ದಿನ ಕಾಯಿಸಿದ ನೀರು ಮಾತ್ರ ಕುಡಿಯುತ್ತಾಳೆ, ಅದೂ ಸೂರ್ಯ ಮುಳುಗುವ ತನಕ. ಮೊನ್ನೆ ಮಾತಿಗೆ ಮಾತು ಬೆಳೆಯಿತು. "ಹಾಲು ಕುಡಿದರೆ ಅದೆಂಥ ಉಪವಾಸ?", "ರಾತ್ರಿ ಹೊಟ್ಟೆ ತುಂಬಾ ತಿಂದರೆ ಅದೆಂಥ ಉಪವಾಸ?" ಅನ್ನುವವರೆಗೆ ಹೋಯಿತು. ಅಪ್ಪನಿಗೆ ಫೋನ್ ಮಾಡಿದರೆ "ಎಲ್ಲ ಧರ್ಮ ಹೇಳೋದೂ ಒಂದೇ, ಜಗಳ ಬಿಡಿ" ಅಂದರು. ನಿಜಕ್ಕೂ ಒಂದೇನಾ? ಯಾವುದು ಸರಿಯಾದ ಉಪವಾಸ? ಮೂವರೂ ಕೂತು ಒಟ್ಟಿಗೆ ಹಬ್ಬದ ಊಟ ಮಾಡುವ ದಿನ ಒಂದಾದರೂ ಸಿಗುತ್ತದಾ?

ಉತ್ತರ: ಕೊನೆಯ ಪ್ರಶ್ನೆಗೆ ಉತ್ತರ "ಸಿಗುತ್ತದೆ". ಅದು ಯಾವ ದಿನ ಅಂತ ಆಮೇಲೆ ಹೇಳುತ್ತೇನೆ. ಮೊದಲು ಜಗಳದ ವಿಷಯ.

ನಿಮ್ಮ ಅಪ್ಪನ ಮನಸ್ಸು ದೊಡ್ಡದು. ಆದರೆ ಅವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಧರ್ಮಗಳನ್ನು ಓದುತ್ತಾ, ಓದಿಸುತ್ತಾ ಬಹಳ ವರ್ಷ ಕಳೆದಿದ್ದೇನೆ. "ಎಲ್ಲವೂ ಒಂದೇ" ಅಂದುಬಿಟ್ಟರೆ ನಿಮ್ಮ ಇಬ್ಬರು ಗೆಳತಿಯರು ಯಾಕೆ ಅಷ್ಟು ಕಷ್ಟಪಡುತ್ತಾರೆ ಅನ್ನುವುದು ಗೊತ್ತಾಗದೆ ಹೋಗುತ್ತದೆ. ಮೂವರ ಹಸಿವೂ ಒಂದೇ ಥರದ್ದು, ನಿಜ. ಹಸಿದಿರುವ ಕಾರಣ ಮಾತ್ರ ಒಂದಲ್ಲ. ಇನ್ನೊಬ್ಬರ ಉಪವಾಸ ಅರ್ಥ ಆಗಬೇಕಾದರೆ "ಏನು ತಿನ್ನಬಾರದು" ಅಂತ ಕೇಳಬೇಡಿ. "ಏನಾದರೆ ಮುರಿಯುತ್ತದೆ, ಏನಾದರೆ ಮುರಿಯುವುದಿಲ್ಲ" ಅಂತ ಕೇಳಿ. ಆ ಧರ್ಮದ ಮುಖ್ಯ ನಂಬಿಕೆ ಆ ಒಂದು ಪ್ರಶ್ನೆಯಲ್ಲೇ ಹೊರಬರುತ್ತದೆ.

ರೋಜಾ ನೋಡಿ. ಬೆಳಕು ಹರಿಯುವ ಮೊದಲ ಗೆರೆಯಿಂದ ಸೂರ್ಯ ಮುಳುಗುವ ತನಕ ಊಟ, ನೀರು, ಧೂಮಪಾನ, ಗಂಡ ಹೆಂಡತಿಯ ಸಂಗ ಯಾವುದೂ ಇಲ್ಲ. ಈಗ ಒಬ್ಬರು ರೋಜಾ ಇರುವುದನ್ನೇ ಮರೆತು ಒಂದು ಲೋಟ ನೀರು ಕುಡಿದುಬಿಟ್ಟರು ಅಂತಿಟ್ಟುಕೊಳ್ಳಿ. ಮುರಿಯಿತಾ? ಹೆಚ್ಚಿನ ಪಂಡಿತರು ಇಲ್ಲ ಅನ್ನುತ್ತಾರೆ. ಮರೆತು ತಿಂದವರು ಉಪವಾಸ ಮುಂದುವರಿಸಲಿ, ಅವರಿಗೆ ತಿನ್ನಿಸಿದ್ದು, ಕುಡಿಸಿದ್ದು ಅಲ್ಲಾಹನೇ ಅಂತ ಪ್ರವಾದಿಯವರ ಮಾತಿದೆ. ಇದನ್ನೇ ತಿರುಗಿಸಿ ನೋಡಿ. ನಿಯ್ಯತ್ ಇಲ್ಲದೆ, ಅಂದರೆ ಮನಸ್ಸಿನಲ್ಲಿ ಸಂಕಲ್ಪ ಇಲ್ಲದೆ, ಹಗಲಿಡೀ ಹಸಿದುಕೊಂಡಿದ್ದರೂ ಅದು ರೋಜಾ ಆಗುವುದಿಲ್ಲ. ಹೊಟ್ಟೆಗೆ ನೀರು ಹೋದರೂ ಉಪವಾಸ ಉಳಿಯಿತು, ಹೊಟ್ಟೆ ಖಾಲಿ ಇದ್ದರೂ ಉಪವಾಸ ಆಗಲಿಲ್ಲ. ಇಲ್ಲಿ ಮುಖ್ಯವಾದದ್ದು ವಿಧೇಯತೆ. ದೇವರು ಬೇಡ ಅಂದಾಗ ನಿಲ್ಲಿಸುವುದು, ಸರಿ ಅಂದಾಗ ತಿನ್ನುವುದು. ಇಸ್ಲಾಂ ಅನ್ನುವ ಪದದ ಅರ್ಥವೇ ಶರಣಾಗುವುದು, ಅಲ್ವಾ?

ಹಾಗಾಗಿ "ರಾತ್ರಿ ತಿಂದರೆ ಅದೆಂಥ ಉಪವಾಸ" ಅನ್ನುವ ಮಾತು ನಿಮ್ಮ ಗೆಳತಿಗೆ ಅನ್ವಯಿಸುವುದೇ ಇಲ್ಲ. ಸೂರ್ಯ ಮುಳುಗಿದ ಮೇಲೆ ತಡಮಾಡದೆ ಉಪವಾಸ ಬಿಡುವುದೇ ಅಲ್ಲಿ ಪುಣ್ಯ. ಬೆಳಗಿನ ಜಾವ ಎದ್ದು ಸಹರಿ, ಅಂದರೆ ಉಪವಾಸ ಶುರುವಾಗುವ ಮುಂಚಿನ ಊಟ, ಮಾಡುವುದೂ ಅಷ್ಟೆ. ಇನ್ನೂ ಎರಡು ದಿನ ತಡೆದುಕೊಳ್ಳುತ್ತೇನೆ ಅಂತ ಎಳೆದುಕೊಂಡು ಹೋದರೆ ಅದು ಹೆಚ್ಚಿನ ಭಕ್ತಿ ಅನ್ನಿಸಿಕೊಳ್ಳುವುದಿಲ್ಲ. ಈದ್ ದಿನವಂತೂ ಉಪವಾಸ ಮಾಡುವುದೇ ನಿಷಿದ್ಧ. ಕಾಯಿಲೆಯವರು, ಪ್ರಯಾಣದಲ್ಲಿರುವವರು ಆಮೇಲೆ ಬೇರೆ ದಿನ ಮಾಡಿ ಲೆಕ್ಕ ತುಂಬಿಸಬಹುದು. ತೀರಾ ವಯಸ್ಸಾಗಿ ಆಗದೇ ಹೋದವರು ಬಡವರಿಗೆ ಊಟ ಹಾಕಬಹುದು. ಈ ವಿನಾಯಿತಿಗಳು ಕುರಾನಿನ ಎರಡನೇ ಅಧ್ಯಾಯದಲ್ಲೇ ಇವೆ. ರಂಜಾನನ್ನೇ ಯಾಕೆ ಆರಿಸಿದರು ಅನ್ನುವುದಕ್ಕೂ ಉತ್ತರ ಅಲ್ಲೇ ಇದೆ: ಕುರಾನ್ ಇಳಿದು ಬಂದ ತಿಂಗಳು ಅದು. ಗ್ರಂಥ ಬಂದ ತಿಂಗಳನ್ನು ಹಸಿವಿನಿಂದ ನೆನೆಯುತ್ತಾರೆ. ಅದಕ್ಕೇ ರಾತ್ರಿಗಳು ಕುರಾನ್ ಪಠಣದಲ್ಲಿ ಕಳೆಯುತ್ತವೆ.

ಈಗ ನಿಮ್ಮ ಜೈನ ಗೆಳತಿ. ಇಲ್ಲಿ ಲೆಕ್ಕವೇ ಬೇರೆ. ಅವಳ ಉಪವಾಸಕ್ಕೆ ಆಜ್ಞೆ ಕೊಡುವ ದೇವರಿಲ್ಲ. ಜೈನರ ಪ್ರಕಾರ ಜಗತ್ತನ್ನು ಯಾರೂ ಸೃಷ್ಟಿಸಿಲ್ಲ, ಯಾರೂ ನಡೆಸುತ್ತಿಲ್ಲ. ತೀರ್ಥಂಕರರು ದಾರಿ ತೋರಿಸಿದವರು, ವರ ಕೊಡುವವರಲ್ಲ. ಹಾಗಾದರೆ ಯಾರಿಗಾಗಿ ಹಸಿದಿರಬೇಕು?

ಆತ್ಮಕ್ಕಾಗಿ. ಜೈನರಲ್ಲಿ ಕರ್ಮ ಅಂದರೆ ಸುಮ್ನೆ ಪಾಪಪುಣ್ಯದ ಲೆಕ್ಕ ಅಲ್ಲ. ಅದು ಒಂದು ವಸ್ತು, ಕಣ್ಣಿಗೆ ಕಾಣದ ಸಣ್ಣ ಧೂಳಿನಂಥದ್ದು. ಕೋಪ, ಆಸೆ, ಹಿಂಸೆ ಇವೆಲ್ಲ ಎಣ್ಣೆಯ ಜಿಡ್ಡಿನಂತೆ, ಆ ಧೂಳು ಆತ್ಮಕ್ಕೆ ಅಂಟಿಕೊಳ್ಳುತ್ತದೆ. ಅಂಟಿದ್ದನ್ನು ಉದುರಿಸುವುದಕ್ಕೆ ನಿರ್ಜರೆ ಅನ್ನುತ್ತಾರೆ. ಶ್ವೇತಾಂಬರರೂ ದಿಗಂಬರರೂ ಒಪ್ಪುವ ತತ್ತ್ವಾರ್ಥ ಸೂತ್ರ ಮೂರೇ ಪದದಲ್ಲಿ ಹೇಳಿಬಿಡುತ್ತದೆ: "ತಪಸಾ ನಿರ್ಜರಾ ಚ". ತಪಸ್ಸಿನಿಂದ ನಿರ್ಜರೆಯೂ ಆಗುತ್ತದೆ. ಹೊರಗಿನ ಆರು ತಪಸ್ಸುಗಳಲ್ಲಿ ಮೊದಲನೆಯದೇ ಅನಶನ, ತಿನ್ನದಿರುವುದು. ಎರಡನೆಯದು ಹಸಿವಿಗಿಂತ ಕಡಿಮೆ ತಿನ್ನುವುದು. ಇದು ನನಗೆ ಬಹಳ ಇಷ್ಟವಾದದ್ದು. ಪೂರ್ತಿ ಬಿಡುವುದಕ್ಕಿಂತ ಎರಡು ತುತ್ತು ಉಳಿಸಿ ಏಳುವುದು ಎಷ್ಟೋ ಸಲ ಜಾಸ್ತಿ ಕಷ್ಟ.

ನೀರು ಕಾಯಿಸುವುದೇಕೆ ಅಂತ ನಿಮಗೆ ಅನ್ನಿಸಿರಬಹುದು. ಕಾಯಿಸದ ನೀರಿನಲ್ಲಿ ಜೀವವಿದೆ, ನೀರನ್ನೇ ದೇಹವಾಗಿ ಮಾಡಿಕೊಂಡ ಜೀವಗಳಿವೆ ಅನ್ನುವುದು ಜೈನರ ನಂಬಿಕೆ. ಕಾಯಿಸಿದ ನೀರೂ ಕೆಲವು ಗಂಟೆ ಮಾತ್ರ ಬಳಸುವುದಕ್ಕೆ ಬರುತ್ತದೆ. ಸೂರ್ಯ ಮುಳುಗಿದ ಮೇಲೆ ತಿನ್ನದಿರುವುದಕ್ಕೂ ಕಾರಣ ಹಿಂಸೆಯ ಭಯವೇ. ಕತ್ತಲಲ್ಲಿ ಬಾಯಿಗೆ ಏನು ಹೋಗುತ್ತಿದೆ ಅಂತ ಕಾಣುವುದಿಲ್ಲ. ಹೀಗೆ ಅವಳ ಉಪವಾಸದಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಹಳೆಯ ಧೂಳು ಉದುರುತ್ತದೆ, ಹೊಸದು ಅಂಟದ ಹಾಗೆ ಬಾಗಿಲೂ ಮುಚ್ಚಿರುತ್ತದೆ.

ಜೈನರಲ್ಲಿ ವರ್ಷೀತಪ ಅಂತ ಒಂದಿದೆ. ಒಂದು ದಿನ ಉಪವಾಸ, ಮರುದಿನ ಊಟ, ಹೀಗೆ ಸುಮಾರು 13 ತಿಂಗಳು. ಅಕ್ಷಯ ತದಿಗೆಯ ದಿನ ಕಬ್ಬಿನ ಹಾಲು ಕುಡಿದು ಮುಗಿಸುತ್ತಾರೆ. ಮೊದಲ ತೀರ್ಥಂಕರ ಋಷಭನಾಥರ ಕಥೆ ಇದರ ಹಿಂದಿದೆ. ಅವರು ಎಲ್ಲ ಬಿಟ್ಟು ಭಿಕ್ಷೆಗೆ ಹೊರಟಾಗ ಮುನಿಗೆ ಏನು ಕೊಡಬೇಕು ಅಂತ ಜನರಿಗೆ ಗೊತ್ತೇ ಇರಲಿಲ್ಲ. ಆನೆ, ಕುದುರೆ, ಒಡವೆ ಎಲ್ಲ ತಂದು ಮುಂದಿಟ್ಟರು. ಅನ್ನ ಕೊಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ವರ್ಷ ದಾಟಿದ ಮೇಲೆ ಹಸ್ತಿನಾಪುರದಲ್ಲಿ ಶ್ರೇಯಾಂಸ ಕಬ್ಬಿನ ಹಾಲು ಕೊಟ್ಟ. ಕೊಡುವುದು ಹೇಗೆ ಅಂತ ಜನ ಕಲಿತ ದಿನ ಅದು.

ಇನ್ನು ನಿಮ್ಮ ಏಕಾದಶಿ. ನೀವೇ ಅದರ ಬಗ್ಗೆ ಸ್ವಲ್ಪ ಅಳುಕಿನಿಂದ ಬರೆದ ಹಾಗಿದೆ. ಅಳುಕಬೇಡಿ. ಉಪವಾಸ ಅನ್ನುವ ಪದದಲ್ಲಿ ಹಸಿವಿನ ಮಾತೇ ಇಲ್ಲ. ಉಪ ಅಂದರೆ ಹತ್ತಿರ, ವಾಸ ಅಂದರೆ ಇರುವುದು. ದೇವರ ಹತ್ತಿರ ಇರುವುದು. ಊಟ ಬಿಡುವುದು ಅದಕ್ಕೊಂದು ದಾರಿ, ಅಷ್ಟೆ. ಹಾಲು ಹಣ್ಣಿನ ವಿಷಯಕ್ಕೆ ಹಳೆಯ ಆಧಾರವೇ ಇದೆ. ಎಂಟು ವಿಷಯ ವ್ರತವನ್ನು ಕೆಡಿಸುವುದಿಲ್ಲ ಅನ್ನುವ ಶ್ಲೋಕ ಮಹಾಭಾರತದಲ್ಲಿ ಬರುತ್ತದೆ. ನೀರು, ಗೆಡ್ಡೆ, ಹಣ್ಣು, ಹಾಲು, ಗುರುವಿನ ಮಾತು, ಔಷಧ ಎಲ್ಲ ಆ ಪಟ್ಟಿಯಲ್ಲಿವೆ. ನೀರೂ ಮುಟ್ಟದೆ ಏಕಾದಶಿ ಮಾಡುವವರೂ ಇದ್ದಾರೆ. ಅವರದು ಕಟ್ಟುನಿಟ್ಟಾದ ದಾರಿ. ಆದರೆ ಅದೊಂದೇ ದಾರಿ ಅಂತಲ್ಲ.

ನೀರಿನ ಪ್ರಶ್ನೆಗೆ ಭಾಗವತದಲ್ಲಿ ಒಂದು ಪೂರ್ತಿ ಕಥೆಯೇ ಇದೆ. ಅಂಬರೀಷ ರಾಜ ಏಕಾದಶಿ ಮಾಡಿ ದ್ವಾದಶಿಯ ಬೆಳಿಗ್ಗೆ ಪಾರಣೆಗೆ, ಅಂದರೆ ಉಪವಾಸ ಬಿಡುವ ಊಟಕ್ಕೆ, ಕೂರಬೇಕು. ಅಷ್ಟರಲ್ಲಿ ದುರ್ವಾಸರು ಬಂದರು. ಊಟಕ್ಕೆ ಒಪ್ಪಿಕೊಂಡು ಸ್ನಾನಕ್ಕೆ ಹೋದವರು ಬರಲೇ ಇಲ್ಲ. ದ್ವಾದಶಿ ಮುಗಿಯುತ್ತಾ ಬಂತು. ಸಮಯ ಮೀರಿದರೆ ವ್ರತಕ್ಕೆ ದೋಷ. ಅತಿಥಿಯನ್ನು ಬಿಟ್ಟು ತಿಂದರೆ ಅದೂ ದೋಷ. ಕೊನೆಗೆ ತಿಳಿದವರ ಸಲಹೆ ಕೇಳಿ ರಾಜ ಸ್ವಲ್ಪ ನೀರು ಮಾತ್ರ ಕುಡಿದ. ನೀರು ಕುಡಿಯುವುದು ತಿಂದ ಹಾಗೂ ಹೌದು, ತಿನ್ನದ ಹಾಗೂ ಹೌದು ಅನ್ನುವ ಮಾತಿನ ಮೇಲೆ. ಎಷ್ಟು ಸೂಕ್ಷ್ಮ ನೋಡಿ! ಪಾರಣೆಯೂ ಆಯಿತು, ಅತಿಥಿಗಿಂತ ಮೊದಲು ಉಂಡ ಹಾಗೂ ಆಗಲಿಲ್ಲ. ದುರ್ವಾಸರು ಅಷ್ಟಕ್ಕೇ ಸಿಟ್ಟಾಗಿ ರಾಜನನ್ನು ಕೊಲ್ಲಲು ಕೃತ್ಯೆ ಅನ್ನುವ ರಕ್ಕಸಿಯನ್ನು ಬಿಟ್ಟರು, ಸುದರ್ಶನ ಚಕ್ರ ಅವರನ್ನೇ ಅಟ್ಟಿಸಿಕೊಂಡು ಹೋಯಿತು. ಅವರು ಮೂರು ಲೋಕ ಸುತ್ತಿ ವಾಪಸ್ ಬರುವಷ್ಟರಲ್ಲಿ ಒಂದು ವರ್ಷ ಕಳೆದಿತ್ತು. ಅಲ್ಲಿಯವರೆಗೆ ಅಂಬರೀಷ ಊಟ ಮಾಡದೆ ಅವರಿಗಾಗಿ ಕಾದಿದ್ದ. ತನ್ನನ್ನು ಕೊಲ್ಲಲು ಬಂದವರಿಗಾಗಿ! ನನ್ನ ಮಟ್ಟಿಗೆ ಆ ಕಥೆಯಲ್ಲಿ ದೊಡ್ಡ ಉಪವಾಸ ಏಕಾದಶಿಯದ್ದಲ್ಲ, ಈ ಎರಡನೆಯದು.

ಗೀತೆಯಂತೂ ಉಪವಾಸದ ಮಿತಿಯನ್ನೂ ಹೇಳಿಬಿಡುತ್ತದೆ. ಊಟ ಬಿಟ್ಟವನಿಂದ ವಿಷಯಗಳು ದೂರ ಹೋಗುತ್ತವೆ, ಆದರೆ ಅವುಗಳ ರುಚಿ ಒಳಗೆ ಉಳಿದುಕೊಳ್ಳುತ್ತದೆ. ಪರಮಾತ್ಮನನ್ನು ಕಂಡಾಗ ಮಾತ್ರ ಆ ರುಚಿಯೂ ಹೋಗುತ್ತದೆ. ಎರಡನೇ ಅಧ್ಯಾಯದ 59ನೇ ಶ್ಲೋಕ. ಉಪವಾಸದ ದಿನ ತಿಂಡಿಯ ಕನಸು ಕಂಡ ಯಾರಿಗಾದರೂ ಇದು ನಿಜ ಅಂತ ಗೊತ್ತು.

ನಿಮ್ಮ ರೂಮಿನ ಆಚೆಯ ಉಪವಾಸಗಳನ್ನೂ ಸ್ವಲ್ಪ ನೋಡೋಣ. ಯೆಹೂದಿಗಳ ಯೋಮ್ ಕಿಪ್ಪುರ್, ಅಂದರೆ ಪ್ರಾಯಶ್ಚಿತ್ತದ ದಿನದ ಉಪವಾಸ, ಸುಮಾರು 25 ಗಂಟೆಯದು. ಅನ್ನ ಇಲ್ಲ, ನೀರಿಲ್ಲ, ಸ್ನಾನ ಇಲ್ಲ, ಮೈಗೆ ಎಣ್ಣೆ ಇಲ್ಲ, ಚರ್ಮದ ಚಪ್ಪಲಿ ಇಲ್ಲ, ದಾಂಪತ್ಯ ಇಲ್ಲ. ವರ್ಷದಲ್ಲೇ ಅತಿ ಪವಿತ್ರ ದಿನ. ಇಷ್ಟು ಕಠಿಣವಾದದ್ದು ಯಾವಾಗ ಮುರಿಯಬಹುದು? ಜೀವಕ್ಕೆ ಅಪಾಯ ಅಂದರೆ ಮುರಿಯಬಹುದು ಅಲ್ಲ, ಮುರಿಯಲೇಬೇಕು. ರೋಗಿ "ನನಗೆ ಊಟ ಬೇಕು" ಅಂದರೆ, ಬೇಡ ಅನ್ನುವ ವೈದ್ಯರು ಎಷ್ಟೇ ಜನ ಇದ್ದರೂ ರೋಗಿಯ ಮಾತೇ ನಡೆಯಬೇಕು ಅಂತ ಅವರ ಧರ್ಮಶಾಸ್ತ್ರ ಗ್ರಂಥ ತಾಲ್ಮುದ್ ಹೇಳುತ್ತದೆ. ಹೃದಯದ ಕಹಿ ಹೃದಯಕ್ಕೇ ಗೊತ್ತು ಅನ್ನುವುದು ಅದಕ್ಕೆ ಕೊಟ್ಟ ಕಾರಣ. ದೇವರು ಕೊಟ್ಟ ನಿಯಮ ಬದುಕುವುದಕ್ಕೆ, ಸಾಯುವುದಕ್ಕಲ್ಲ ಅನ್ನುವ ನಂಬಿಕೆ ಇದು.

ಆ ಉಪವಾಸಕ್ಕೂ ಒಂದು ಮಿತಿ ಇದೆ. ದೇವರ ವಿಷಯದಲ್ಲಿ ಮಾಡಿದ ತಪ್ಪು ಆ ದಿನ ತೊಳೆದುಹೋಗುತ್ತದೆ. ಇನ್ನೊಬ್ಬ ಮನುಷ್ಯನಿಗೆ ಮಾಡಿದ ತಪ್ಪು ಹೋಗುವುದಿಲ್ಲ, ಅವನ ಹತ್ತಿರವೇ ಹೋಗಿ ಕ್ಷಮೆ ಕೇಳಿ ಸಮಾಧಾನ ಮಾಡಬೇಕು. ನಿಮ್ಮ ಜೈನ ಗೆಳತಿಗೆ ಇದನ್ನು ಹೇಳಿ ನೋಡಿ, ಅವಳಿಗೆ ಜೈನರ ಪರ್ಯುಷಣ ಪರ್ವದ ಕೊನೆಯ ದಿನ ನೆನಪಾಗುತ್ತದೆ. ಅವತ್ತು "ಮಿಚ್ಛಾ ಮಿ ದುಕ್ಕಡಂ" ಅಂತ ಎಲ್ಲರಲ್ಲೂ ಕ್ಷಮೆ ಕೇಳುತ್ತಾರಲ್ಲ, ಅದು. ದೇವರೇ ಎಲ್ಲ ಅನ್ನುವ ಧರ್ಮ, ಸೃಷ್ಟಿಕರ್ತನೇ ಇಲ್ಲ ಅನ್ನುವ ಧರ್ಮ, ಎರಡೂ ಉಪವಾಸದ ಕೊನೆಗೆ ಪಕ್ಕದ ಮನುಷ್ಯನ ಮುಂದೆ ಬಂದು ನಿಲ್ಲುತ್ತವೆ.

ಕ್ರೈಸ್ತರಲ್ಲಿ ಉಪವಾಸ ಯಾವುದರಿಂದ ಕೆಡುತ್ತದೆ ಗೊತ್ತಾ? ಪ್ರದರ್ಶನದಿಂದ. ಉಪವಾಸ ಮಾಡುವಾಗ ಸಪ್ಪೆ ಮುಖ ಹಾಕಿಕೊಳ್ಳಬೇಡಿ, ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದುಕೊಳ್ಳಿ ಅಂತ ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯಲ್ಲಿದೆ. ಅವರು ಮರಳುಗಾಡಿನಲ್ಲಿ 40 ದಿನ ಉಪವಾಸ ಇದ್ದರು. ಆ ನೆನಪಿಗೆ ಈಸ್ಟರ್‌ಗೆ ಮೊದಲು ತಪಸ್ಸುಕಾಲ. ಬೂದಿ ಬುಧವಾರದಿಂದ ಎಣಿಸಿದರೆ 46 ದಿನ ಬರುತ್ತದೆ, ಆರು ಭಾನುವಾರ ಲೆಕ್ಕಕ್ಕಿಲ್ಲ. ಪುನರುತ್ಥಾನದ ದಿನ ದುಃಖ ಸಲ್ಲದು ಅಂತ. ಕ್ಯಾಥೊಲಿಕರು ಈಗ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಒಂದೇ ಪೂರ್ತಿ ಊಟ ಮಾಡುತ್ತಾರೆ. ಆರ್ಥೊಡಾಕ್ಸ್ ಸಭೆಗಳಲ್ಲಿ ಮಾಂಸ, ಮೊಟ್ಟೆ, ಹಾಲು ಎಲ್ಲ ಬಿಡುತ್ತಾರೆ.

ಆದರೆ 1522ರಲ್ಲಿ ಜ್ಯೂರಿಕ್‌ನಲ್ಲಿ ಒಂದು ದೊಡ್ಡ ಗಲಾಟೆ ಆಯಿತು. ತಪಸ್ಸುಕಾಲದಲ್ಲಿ ಒಬ್ಬ ಮುದ್ರಕನ ಮನೆಯಲ್ಲಿ ಕೆಲವರು ಮಾಂಸದ ಸಾಸೇಜ್ ತಿಂದರು. ಪಾದ್ರಿ ಜ್ವಿಂಗ್ಲಿ ಅಲ್ಲೇ ಇದ್ದರು. ಅವರು ತಿನ್ನಲಿಲ್ಲ, ಆದರೆ ತಿಂದವರ ಪರವಾಗಿ ಉಪದೇಶ ಕೊಟ್ಟರು. ಉಪವಾಸ ಬೇಕಾದವರು ಮಾಡಲಿ, ಕಡ್ಡಾಯ ಮಾಡುವ ಅಧಿಕಾರ ಯಾರಿಗೂ ಇಲ್ಲ ಅನ್ನುವುದು ಅವರ ವಾದ. ಮೇಲ್ನೋಟಕ್ಕೆ ಇದು ಊಟದ ಜಗಳ. ಒಳಗಿದ್ದದ್ದು ಕ್ರೈಸ್ತ ಧರ್ಮದ ಅತಿ ದೊಡ್ಡ ಪ್ರಶ್ನೆ: ಮನುಷ್ಯ ಉಳಿಯುವುದು ತಾನು ಮಾಡುವ ಕೆಲಸದಿಂದಲೋ, ದೇವರ ಕೃಪೆಯಿಂದಲೋ? ಇವತ್ತಿಗೂ ಎಷ್ಟೋ ಪ್ರೊಟೆಸ್ಟಂಟ್ ಸಭೆಗಳಲ್ಲಿ ಉಪವಾಸ ಅವರವರ ಇಷ್ಟ.

ಉಪವಾಸವನ್ನು ಮಾಡಿ ನೋಡಿ ಬಿಟ್ಟವರು ಬುದ್ಧ. ಹೊಟ್ಟೆ ಮುಟ್ಟಿದರೆ ಬೆನ್ನುಮೂಳೆ ಕೈಗೆ ಸಿಗುತ್ತಿತ್ತು ಅಂತ ಆ ದಿನಗಳನ್ನು ಅವರೇ ಹೇಳಿಕೊಂಡಿದ್ದು ಪಾಲಿ ಗ್ರಂಥಗಳಲ್ಲಿದೆ. ಅದರಿಂದ ಜ್ಞಾನ ಬರಲಿಲ್ಲ. ಊಟ ಮಾಡಿದರು. ಜೊತೆಗಿದ್ದ ಐವರು, ಇವನು ದಾರಿ ತಪ್ಪಿದ ಅಂತ ಬಿಟ್ಟು ಹೋದರು. ಆಮೇಲೆ ಸಾರನಾಥದಲ್ಲಿ ಮೊದಲು ಮಧ್ಯಮ ಮಾರ್ಗ ಕೇಳಿದ್ದೂ ಅದೇ ಐವರು. ಹಾಗಂತ ಊಟಕ್ಕೆ ಕಟ್ಟು ಇಲ್ಲ ಅಂತಲ್ಲ, ಭಿಕ್ಷುಗಳು ಮಧ್ಯಾಹ್ನದ ಮೇಲೆ ಊಟ ಮಾಡುವುದಿಲ್ಲ.

ಸಿಖ್ಖರು ಇನ್ನೂ ನೇರ. "ವ್ರತ ಇಡುವುದಿಲ್ಲ, ರಂಜಾನ್ ತಿಂಗಳನ್ನೂ ಆಚರಿಸುವುದಿಲ್ಲ" ಅನ್ನುವ ಗುರು ಅರ್ಜನರ ಸಾಲು ಗುರು ಗ್ರಂಥ ಸಾಹಿಬ್‌ನಲ್ಲಿದೆ. ಅವರು ಹಸಿವಿನ ಜಾಗದಲ್ಲಿ ಊಟವನ್ನೇ ಇಟ್ಟರು. ಲಂಗರ್‌ನಲ್ಲಿ, ಅಂದರೆ ಗುರುದ್ವಾರದ ಸಾಮೂಹಿಕ ಊಟದಲ್ಲಿ, ರಾಜನೂ ಭಿಕ್ಷುಕನೂ ಒಂದೇ ಸಾಲಿನಲ್ಲಿ ನೆಲದ ಮೇಲೆ ಕೂರಬೇಕು. ಗುರು ಅಂಗದರ ಹೆಂಡತಿ ಮಾತಾ ಖೀವಿಯ ಲಂಗರಿನ ತುಪ್ಪದ ಪಾಯಸದ ಹೊಗಳಿಕೆ ಆ ಗ್ರಂಥದಲ್ಲೇ ಇದೆ. ಪವಿತ್ರ ಗ್ರಂಥದಲ್ಲಿ ಒಬ್ಬ ಗೃಹಿಣಿ ಬಡಿಸಿದ ಪಾಯಸ! ಪಾರಸಿಗಳೂ ಉಪವಾಸವನ್ನು ಒಪ್ಪುವುದಿಲ್ಲ. ಈ ಸೃಷ್ಟಿ ಅವರ ದೇವರಾದ ಅಹುರ ಮಜ್ದನ ಒಳ್ಳೆಯ ಕೆಲಸ, ತಿನ್ನದ ದೇಹಕ್ಕೆ ಕೆಡುಕಿನ ಜೊತೆ ಹೋರಾಡುವ ಬಲ ಇರುವುದಿಲ್ಲ ಅನ್ನುತ್ತಾರೆ.

ಈಗ ಅಪ್ಪನ ಮಾತಿಗೆ ವಾಪಸ್ ಬರೋಣ. ಅವರು ಹೇಳಿದ್ದರಲ್ಲಿ ಒಂದು ಭಾಗ ನಿಜ. ಆದರೆ ಅದು ಇರುವುದು ಬೇರೆ ಕಡೆ. ಉಪವಾಸದ ಕಾರಣಗಳಲ್ಲಿ ಧರ್ಮಗಳು ಒಂದೇ ಮಾತು ಹೇಳುವುದಿಲ್ಲ. ಉಪವಾಸ ಹೇಗೆ ಕೆಡುತ್ತದೆ ಅನ್ನುವಲ್ಲಿ ಬಹಳ ಹತ್ತಿರ ಬರುತ್ತವೆ. ಸುಳ್ಳು ಬಿಡದವನು ಅನ್ನ ನೀರು ಬಿಟ್ಟರೆ ಅಲ್ಲಾಹನಿಗೆ ಅದರ ಅಗತ್ಯ ಇಲ್ಲ ಅಂತ ಪ್ರವಾದಿ ಮುಹಮ್ಮದ್ ಹೇಳಿದ್ದಾರೆ. ಯೋಮ್ ಕಿಪ್ಪುರ್ ಬೆಳಿಗ್ಗೆ, ಎಲ್ಲರೂ ಹಸಿದು ಕೂತಿರುವಾಗ, ಯೆಶಾಯನ ಗ್ರಂಥದಿಂದ ಓದುತ್ತಾರೆ: ಹಸಿದವರಿಗೆ ನಿನ್ನ ರೊಟ್ಟಿ ಹಂಚುವುದಲ್ಲವೇ ನನಗೆ ಬೇಕಾದ ಉಪವಾಸ? ಹಾಗೆ ನೋಡಿದರೆ ನಿಮ್ಮ ಮೂವರ ಉಪವಾಸವೂ ಸರಿಯೇ ಇತ್ತು. ಆ ದಿನದ ಜಗಳದಲ್ಲಿ ಮಾತ್ರ ಮೂವರದ್ದೂ ಸ್ವಲ್ಪ ಕೆಟ್ಟಿತು.

ಕೊನೆಗೆ ಹಬ್ಬದ ಊಟ. ಇಫ್ತಾರ್‌ಗೆ, ಅಂದರೆ ಸಂಜೆ ರೋಜಾ ಬಿಡುವ ಊಟಕ್ಕೆ, ಮೂವರೂ ಕೂರೋಣ ಅಂದರೆ ಆಗುವುದಿಲ್ಲ. ಸೂರ್ಯ ಮುಳುಗಿದ ಕೂಡಲೇ ಒಬ್ಬಳು ಖರ್ಜೂರ ಕೈಗೆ ತೆಗೆದುಕೊಳ್ಳುತ್ತಾಳೆ, ಇನ್ನೊಬ್ಬಳು ನೀರಿನ ಲೋಟ ಕೆಳಗಿಡುತ್ತಾಳೆ. ಅದೇನಾದರೂ ಏಕಾದಶಿಯಾಗಿದ್ದರೆ ನೀವು ಮರುದಿನ ಬೆಳಗಿನ ತನಕ ಕಾಯಬೇಕು. ರಂಜಾನ್ ಹಬ್ಬದ ದಿನ, ಅಂದರೆ ಈದುಲ್ ಫಿತ್ರ್ ಮಧ್ಯಾಹ್ನ ಇಟ್ಟುಕೊಳ್ಳಿ. ಹಿಂದಿನ ಸಂಜೆ ಹೊಸ ಚಂದ್ರ ಕಂಡು ಬರುವ ಹಬ್ಬ ಅದು. ಹಾಗಾಗಿ ಅಮಾವಾಸ್ಯೆ ಕಳೆದು ಎರಡು ಮೂರು ದಿನದೊಳಗೇ ಬರುತ್ತದೆ. ಏಕಾದಶಿ ಹನ್ನೊಂದನೇ ತಿಥಿ, ಚತುರ್ದಶಿ ಹದಿನಾಲ್ಕನೇದು. ನೀವು ಮೂವರೂ ಎಣಿಸುವುದು ಒಂದೇ ಚಂದ್ರನನ್ನು, ಆದ್ದರಿಂದ ಈ ದಿನಗಳು ಯಾವ ವರ್ಷವೂ ಆ ಈದ್ ಮೇಲೆ ಬೀಳುವುದಿಲ್ಲ. ಬಕ್ರೀದ್‌ಗೆ ಈ ಲೆಕ್ಕ ನಡೆಯುವುದಿಲ್ಲ. ಅದು ತಿಂಗಳ ಹತ್ತನೇ ದಿನ, ಏಕಾದಶಿ ಜೊತೆ ಸೇರಿಕೊಳ್ಳಬಹುದು. ಜೈನ ಗೆಳತಿಗೂ ಸಲ್ಲುವ ಹಾಗೆ ಅಡುಗೆಯಲ್ಲಿ ಮಾಂಸ, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಯಾವುದೂ ಬೇಡ. ಹೊತ್ತು ಮುಳುಗುವ ಮುಂಚೆ ಎಲೆ ಎತ್ತಿಬಿಡಿ.